ಭೂಕಂಪ ಕಂಡು ಬಂದವರ ಜೊತೆ ಹೇಗಿರಬೇಕು? ನಮ್ಮ ವಾಚ್‌ಮನ್ ಕಲಿಸಿದ್ದು

ಮಂಗಳೂರಿನವರಿಗೆ ಭೂಕಂಪದ ಕತೆ ಯಾಕೆ ಅಂತ ಕೇಳಬಹುದು. ನಮಗೆ ಕಡಲ್ಕೊರೆತ ಗೊತ್ತು, ಗುಡ್ಡ ಜರಿಯುವುದು ಗೊತ್ತು, ಮಳೆಗೆ ಕರೆಂಟ್ ಹೋದರೆ ಎರಡು ದಿನ ಬಾರದೇ ಇರುವುದೂ ಗೊತ್ತು. ನೆಲ ನಡುಗುವುದು ಅಷ್ಟಾಗಿ ಗೊತ್ತಿಲ್ಲ. 2022ರ ಜೂನ್ ಕೊನೆಗೆ ಸಂಪಾಜೆ, ಚೆಂಬು ಕಡೆ ಸಣ್ಣ ಕಂಪನ ಆದದ್ದು ನೆನಪಿರಬಹುದು. ಅಳತೆಯಲ್ಲಿ ದೊಡ್ಡದು ಅಂದರೆ 3ರ ಆಸುಪಾಸು ಅಷ್ಟೇ. ಆದರೆ ಅದಕ್ಕೂ ನಾಲ್ಕು ವರ್ಷ ಹಿಂದೆ, 2018ರಲ್ಲಿ, ಜೋಡುಪಾಲದಲ್ಲಿ ಗುಡ್ಡ ಕೆಳಗೆ ಬಂದದ್ದನ್ನು ಕಂಡವರಿಗೆ 3 ಆದರೇನು, 7 ಆದರೇನು.

ನಾನು ಹೇಳಹೊರಟಿದ್ದು ಮಾತ್ರ ಬೇರೆಯವರ ಬಗ್ಗೆ. ಉಡುಪಿ, ಮಣಿಪಾಲದ ಹೋಟೆಲ್ ಅಡುಗೆಮನೆಗೆ ಒಮ್ಮೆ ಇಣುಕಿ ನೋಡಿ. ಮಂಗಳೂರಿನ ಅಪಾರ್ಟ್‌ಮೆಂಟ್ ಗೇಟುಗಳನ್ನು ನೋಡಿ. ನೇಪಾಳದವರು ಎಷ್ಟು ಜನ ಇದ್ದಾರೆ ಅಲ್ವಾ? 2015ರ ಏಪ್ರಿಲ್ 25ರಂದು ಅವರ ದೇಶದಲ್ಲಿ 7.8ರ ಭೂಕಂಪ ಆಯಿತು, ಸುಮಾರು 9,000 ಜನ ಸತ್ತರು. 2023ರ ನವೆಂಬರ್‌ನಲ್ಲಿ ಜಾಜರ್‌ಕೋಟ್ ಕಡೆ ನಡುರಾತ್ರಿ ಮತ್ತೊಂದು, 150ಕ್ಕೂ ಹೆಚ್ಚು ಜನ ಹೋದರು. ಇಂಥದ್ದಾದಾಗ ಕೆಲವರು ರಜೆಯಲ್ಲಿ ಊರಲ್ಲಿರುತ್ತಾರೆ, ಕೆಲವರು ಇಲ್ಲಿ ನಾವು ತಿಂದ ಪ್ಲೇಟು ತೊಳೆಯುತ್ತಿರುತ್ತಾರೆ. ಪೆಟ್ಟು ಇಬ್ಬರಿಗೂ ಬೀಳುತ್ತದೆ.

ನೀವು ಹೋಟೆಲ್ ಧಣಿ ಆಗಿರಬಹುದು, ಅಸೋಸಿಯೇಷನ್ ಸೆಕ್ರೆಟರಿ, ಹಾಸ್ಟೆಲ್ ವಾರ್ಡನ್, ಅಥವಾ ಸುಮ್ನೆ ಜೊತೆಗೆ ಕೆಲಸ ಮಾಡುವವರು. ನಾನಂತೂ ಡಾಕ್ಟರ್ ಅಲ್ಲ, ಆಗ ನಮ್ಮ ಅಪಾರ್ಟ್‌ಮೆಂಟಿನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವ. ಮೊದಲು ತಪ್ಪು ಮಾಡಿ, ಆಮೇಲೆ ತಿಳಿದವರನ್ನು ಕೇಳಿ, ಓದಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರು ಕೇಳಿ

ನಮ್ಮ ವಾಚ್‌ಮನ್ ಆರು ವರ್ಷದಿಂದ ಗೇಟಿನಲ್ಲಿದ್ದ. ನಮಗೆಲ್ಲ ಅವನು "ಬಹಾದ್ದೂರ್". ಅವನಿಗಿಂತ ಮೊದಲು ಇದ್ದವನೂ ಬಹಾದ್ದೂರ್, ಪಕ್ಕದ ಬಿಲ್ಡಿಂಗಿನವನೂ ಬಹಾದ್ದೂರ್. 2015ರಲ್ಲಿ ತಂಗಿಯ ಮದುವೆಗೆ ಅಂತ ಸಿಂಧುಪಾಲ್‌ಚೋಕ್‌ಗೆ ಹೋಗಿದ್ದ. ಅತಿ ಜಾಸ್ತಿ ಜನ ಸತ್ತ ಜಿಲ್ಲೆ ಅದೇ ಅಂತ ಟಿವಿಯಲ್ಲಿ ಬಂದಾಗ ಫೋನ್ ಮಾಡಿ ವಿಚಾರಿಸೋಣ ಅಂದುಕೊಂಡೆವು. ಆಗ ಗೊತ್ತಾಯಿತು, ಅವನ ಪೂರ್ತಿ ಹೆಸರು ಯಾರಿಗೂ ಗೊತ್ತಿಲ್ಲ. ಮಾರಾಯ್ರೇ, ನಾಚಿಕೆಯಾಯಿತು.

ಹಾಗಾಗಿ ಮೊದಲ ಕೆಲಸ ಇದೇ. ಹೆಸರು, ಊರು, ಮನೆಯಲ್ಲಿ ಯಾರ್ಯಾರಿದ್ದಾರೆ, ಯಾವ ನಂಬರಿಗೆ ಫೋನ್ ಮಾಡಬೇಕು, ಇಷ್ಟನ್ನು ಏನೂ ಆಗದ ಕಾಲದಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ಆ ಹೆಸರಿನಿಂದಲೇ ಕರೆಯಿರಿ.

ಬಂದ ಕೂಡಲೇ ಬಾಯಿ ಬಿಡಿಸಬೇಡಿ

ಮೇ ಕೊನೆಗೆ ಅವನು ವಾಪಸು ಬಂದ. ಬಸ್ಸು, ಗೋರಖ್‌ಪುರ, ಅಲ್ಲಿಂದ ರೈಲು, ನಾಲ್ಕು ದಿನದ ದಾರಿ. ಚೀಲ ಇನ್ನೂ ಹೆಗಲಲ್ಲೇ ಇತ್ತು, ನಾನು ಕೇಳಿದ ಮೊದಲ ಪ್ರಶ್ನೆ, "ನಿಮ್ಮಲ್ಲಿ ಎಷ್ಟು ಜನ ಹೋದರು?" ಎರಡನೇ ಮಹಡಿಯವರೊಬ್ಬರು ಮೊಬೈಲ್ ತೆಗೆದು ಕಾಠ್ಮಂಡುವಿನ ಧರಹರಾ ಗೋಪುರ ಬಿದ್ದ ವಿಡಿಯೋ ತೋರಿಸಿ "ಇದು ನಿಮ್ಮ ಊರಿನ ಹತ್ತಿರವಾ?" ಅಂದರು. ಅವನು ನೋಡಿದ. ನೋಡಿ, ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತ. ಅವತ್ತು ಸಂಜೆಯವರೆಗೂ ಊಟಕ್ಕೆ ಏಳಲಿಲ್ಲ.

ನಾವು ಕೆಟ್ಟವರೇನಲ್ಲ. "ಹೇಳಿಕೊಂಡರೆ ಮನಸ್ಸು ಹಗುರ ಆಗುತ್ತದೆ" ಅಂತ ನಂಬಿದ್ದವರು, ಅಷ್ಟೇ. ಆ ಮಾತು ಅರ್ಧ ಮಾತ್ರ ಸರಿ. ಬೇಕು ಅನಿಸಿದಾಗ, ಬೇಕಾದವರ ಹತ್ತಿರ, ಬೇಕಾದಷ್ಟೇ ಹೇಳಿಕೊಂಡರೆ ಹಗುರ ಆಗುತ್ತದೆ. ಕೂರಿಸಿ ಒಂದೇ ಸಲ ಎಲ್ಲ ಕಕ್ಕಿಸುವ ಪದ್ಧತಿ ಹಿಂದೆ ಇತ್ತು, ಅದರಿಂದ ಪ್ರಯೋಜನ ಇಲ್ಲ, ಕೆಲವರಿಗೆ ಕೆಡುಕೇ ಆಗುತ್ತದೆ ಅಂತ ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಬೇಡ ಅನ್ನುತ್ತದೆ. 2011ರಲ್ಲಿ ಅವರು ತಂದ ಕೈಪಿಡಿಯ ಸಾರ ಮೂರು ಮಾತು: ನೋಡು, ಕೇಳಿಸಿಕೋ, ಜೋಡಿಸು. ಏನು ಬೇಕಾಗಿದೆ ಅಂತ ನೋಡು, ಹೇಳಿದರೆ ಕೇಳಿಸಿಕೋ, ಬೇಕಾದ ಜಾಗಕ್ಕೆ, ಜನಕ್ಕೆ ಜೋಡಿಸು. ಈ ಪಟ್ಟಿಯಲ್ಲಿ "ಪ್ರಶ್ನೆ ಕೇಳು" ಇಲ್ಲ ನೋಡಿ.

ಏನು ಮಾತಾಡಬೇಕು ಹಾಗಾದರೆ? "ಊಟ ಆಯ್ತಾ?" ಸಾಕು. ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಮಾತು ಯಾವುದುಂಟು? "ಮನೆಗೆ ಫೋನ್ ಸಿಕ್ಕಿತಾ?", "ಇವತ್ತು ರಾತ್ರಿ ಡ್ಯೂಟಿ ಬೇಡ ಅಂದರೆ ಹೇಳು" ಅನ್ನಿ. "ನೀನಾದರೂ ಬದುಕಿದೆಯಲ್ಲ, ದೇವರು ದೊಡ್ಡವನು" ಅನ್ನಬೇಡಿ. ತಾನು ಉಳಿದೆನಲ್ಲ ಅನ್ನುವುದೇ ಅವನನ್ನು ಕೊರೆಯುತ್ತಿರುತ್ತದೆ. "ಎಲ್ಲ ಮರೆತುಬಿಡು" ಅಂತೂ ಬೇಡವೇ ಬೇಡ.

ಅವನು ಕೊನೆಗೂ ಆ ಬಗ್ಗೆ ಮಾತಾಡಿದ್ದು ಆಗಸ್ಟ್‌ನಲ್ಲಿ. ನಾನು ಸ್ಕೂಟರ್ ತೊಳೆಯುತ್ತಿದ್ದೆ, ಅವನು ಪೈಪ್ ಹಿಡಿದಿದ್ದ. ಮನೆಯ ಕೆಳಗೆ ಸಿಕ್ಕಿಬಿದ್ದ ಎಮ್ಮೆ ಮೂರು ದಿನ ಕೂಗಿತು, ನಾಲ್ಕನೇ ದಿನ ಕೂಗಲಿಲ್ಲ ಅಂದ. ಅದೇ ಮನೆಯಲ್ಲಿ ಅವನ ಮಾವನೂ ಹೋಗಿದ್ದರು. ಆದರೆ ಅವನು ಹೇಳಿದ್ದು ಎಮ್ಮೆಯ ಬಗ್ಗೆ ಮಾತ್ರ. ನಾನು ಹೂಂ ಅಂದೆ, ಇನ್ನೇನೂ ಅನ್ನಲಿಲ್ಲ. ಇಬ್ಬರೂ ಬೇರೇನೋ ಕೆಲಸ ಮಾಡುತ್ತಾ, ಮುಖ ಮುಖ ನೋಡದೆ ಇರುವಾಗಲೇ ಇಂಥ ಮಾತು ಹೊರಬರುವುದು. ಕುರ್ಚಿ ಎದುರೆದುರು ಹಾಕಿ ಕೂತರೆ ಬರುವುದಿಲ್ಲ.

ಅವನ ತಲೆಯಲ್ಲಿದ್ದದ್ದು ತಗಡು

ನಾವೆಲ್ಲ ಅವನು ನೆನಪಿನಲ್ಲೇ ಕೊರಗುತ್ತಿದ್ದಾನೆ ಅಂದುಕೊಂಡಿದ್ದೆವು. ವಾರ ಕಳೆದ ಮೇಲೆ ಗೊತ್ತಾಯಿತು, ಅವನ ದೊಡ್ಡ ಚಿಂತೆ ಜಸ್ತಾ. ಹಾಗಂದರೆ ಮಾಡಿಗೆ ಹಾಕುವ ತಗಡಿನ ಶೀಟು. ತಾಯಿ, ಹೆಂಡತಿ, ಮಕ್ಕಳು ಟಾರ್ಪಾಲಿನ ಕೆಳಗಿದ್ದರು, ಮಳೆಗಾಲ ಎದುರಿಗಿತ್ತು. ಅವನು ಅಷ್ಟು ಬೇಗ ಕೆಲಸಕ್ಕೆ ಮರಳಿದ್ದೇ ತಗಡಿನ ದುಡ್ಡಿಗೆ. ಇಲ್ಲಿ ಜೂನ್ ಮಳೆ ಶುರುವಾದ ದಿನ ಅವನು ಗೇಟಿನಲ್ಲಿ ನಿಂತು ಆಕಾಶ ನೋಡುತ್ತಿದ್ದ, ನಾವು "ಪಾಪ, ಡಿಪ್ರೆಷನ್" ಅಂದುಕೊಂಡೆವು!

ಅಸೋಸಿಯೇಷನ್‌ನಿಂದ ನಾಲ್ಕು ತಿಂಗಳ ಸಂಬಳ ಮುಂಗಡ ಕೊಟ್ಟೆವು. ಸುಮ್ನೆ ಆಗಲಿಲ್ಲ, ಮೀಟಿಂಗಿನಲ್ಲಿ ಜಗಳ ಆಯಿತು, "ಓಡಿ ಹೋದರೆ ಯಾರು ಜವಾಬ್ದಾರಿ" ಅಂತ ಒಬ್ಬರು ಕೇಳಿದರು, ನಾನು ಜವಾಬ್ದಾರಿ ಅಂತ ಬರೆದುಕೊಟ್ಟೆ. ದುಡ್ಡು ಹೋಗಿ ಮನೆಯ ಮೇಲೆ ಶೀಟು ಬಿತ್ತು ಅಂತ ಫೋನ್ ಬಂದ ರಾತ್ರಿ ಅವನು ಮೊದಲ ಸಲ ಐದು ಗಂಟೆ ಮಲಗಿದ. ಯಾವ ಸಲಹೆಯೂ ಮಾಡದ ಕೆಲಸ ಅದು. ನಿಮಗೆ ಒಂದೇ ಒಂದು ಸಹಾಯ ಮಾಡಲು ಸಾಧ್ಯ ಅಂದರೆ ಇದನ್ನೇ ಮಾಡಿ: ಮುಂಗಡ, ರಜೆ, ಫೋನ್ ರೀಚಾರ್ಜ್. ಸಾವಾಗಿದ್ದರೆ ಅವರಲ್ಲಿ ಹೆಚ್ಚಿನವರಿಗೆ ಹದಿಮೂರು ದಿನದ ಕ್ರಿಯೆ ಇರುತ್ತದೆ, ಹೋಗಿ ಬರುವ ದಾರಿಯೇ ಎಂಟು ದಿನ. "ಒಂದು ವಾರ ಹೋಗಿ ಬಾ" ಅನ್ನುವುದಕ್ಕೆ ಅರ್ಥ ಇಲ್ಲ.

ಮೈ ಇನ್ನೂ ನಡುಗುತ್ತಿರುತ್ತದೆ

ಲಿಫ್ಟ್ ಮೋಟರ್, ಬೆಳಗ್ಗೆ ಐದೂವರೆಗೆ ಶುರುವಾಗುವ ನೀರಿನ ಪಂಪ್, ಎಕ್ಸ್‌ಪ್ರೆಸ್ ಬಸ್ಸು ಹೋದಾಗ ಕಿಟಕಿ ಗಾಜು ಮಾಡುವ ಸದ್ದು, ಮಳೆಗಾಲದ ಮೊದಲ ಗುಡುಗು. ಇವೆಲ್ಲ ನಮಗೆ ಕೇಳಿಸುವುದೇ ಇಲ್ಲ. ಅವನು ಪ್ರತಿ ಸಲವೂ ಕ್ಯಾಬಿನ್ನಿನಿಂದ ಹೊರಗೆ ಓಡಿ ಬರುತ್ತಿದ್ದ. ಏನೂ ಇಲ್ಲದಾಗಲೂ ನೆಲ ತೂಗಿದ ಹಾಗಾಗುತ್ತದೆ ಅನ್ನುತ್ತಿದ್ದ. ಇದು ಹುಚ್ಚಲ್ಲ. ಜಪಾನಿನಲ್ಲಿ 2011ರ ಭೂಕಂಪದ ನಂತರ ಎಷ್ಟೋ ಜನರಿಗೆ ಹೀಗೇ ಆಗುತ್ತಿತ್ತು, ಅವರಲ್ಲಿ ಇದಕ್ಕೆ "ಜಿಶಿನ್ ಯೋಯಿ" ಅನ್ನುವ ಹೆಸರೇ ಉಂಟು, ಭೂಕಂಪದ ತಲೆಸುತ್ತು ಅಂತ. ಆಳಸಮುದ್ರಕ್ಕೆ ಹೋಗಿ ಬಂದವರಿಗೆ ದಡಕ್ಕೆ ಬಂದ ಮೇಲೂ ಹಾಸಿಗೆ ತೂಗಿದ ಹಾಗೆ ಅನಿಸುತ್ತದಲ್ಲ, ಹತ್ತಿರ ಹತ್ತಿರ ಹಾಗೆ. ಜೊತೆಗೆ ಹೆದರಿಕೆ ಬೇರೆ.

ಇದಕ್ಕೆ ಅವನೇ ಒಂದು ಉಪಾಯ ತಂದಿದ್ದ. ಅರ್ಧ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ, ಲೇಬಲ್ ಕಿತ್ತದ್ದು, ಕ್ಯಾಬಿನ್ ಮೇಜಿನ ಮೇಲೆ. ನಡುಗಿದ ಹಾಗಾದರೆ ಬಾಟಲಿ ನೋಡುವುದು. ನೀರು ಅಲ್ಲಾಡದಿದ್ದರೆ ನಡುಗಿದ್ದು ನೆಲ ಅಲ್ಲ, ಮೈ. ಕ್ಲೀನ್ ಮಾಡುವವರು ಒಮ್ಮೆ ಅದನ್ನು ಬಿಸಾಡಿದ್ದಕ್ಕೆ ಅವನು ಕೂಗಾಡಿದ್ದು ಕೇಳಿ ನಾವು ಬೆಚ್ಚಿಬಿದ್ದೆವು, ಆರು ವರ್ಷದಲ್ಲಿ ಅವನ ದೊಡ್ಡ ಸ್ವರ ಕೇಳಿರಲಿಲ್ಲ. ಸಿಟ್ಟು ಬರುವುದೂ ಇದರದ್ದೇ ಒಂದು ಭಾಗ. ಕೆಟ್ಟ ಕನಸು, ಮರೆವು, ಲೆಕ್ಕ ತಪ್ಪುವುದು, ಅಳು ಬಾರದೇ ಇರುವುದು, ಸುಮ್ಮನೆ ನಗುವುದು, ಎಲ್ಲವೂ ಮೊದಲ ವಾರಗಳಲ್ಲಿ ಸಹಜ. ಹೆಚ್ಚಿನವರಿಗೆ ತಾನಾಗಿ ಇಳಿಯುತ್ತಾ ಹೋಗುತ್ತದೆ. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ. "ನನಗೆ ಮಾತ್ರ ಹೀಗಾ?" ಅನ್ನುವ ಹೆದರಿಕೆಯೇ ಅರ್ಧ ಕಾಯಿಲೆ.

ಹೆದರಿಕೆ ಏರಿದ ಹೊತ್ತಿಗೆ "ಕಾಲು ನೆಲಕ್ಕೆ ಊರಿ, ನೆಲದ ಗಟ್ಟಿತನ ಗಮನಿಸಿ" ಅಂತ ಎಲ್ಲ ಕಡೆ ಬರೆದಿರುತ್ತಾರೆ. ಭೂಕಂಪದವರಿಗೆ ನೆಲವೇ ಶತ್ರು ಮಾರಾಯ್ರೇ! ಅವರ ಕೈಗೆ ತಣ್ಣೀರಿನ ಸ್ಟೀಲ್ ಲೋಟ ಕೊಡಿ, ಹಿಡಿದುಕೊಂಡು ಕೂರಲಿ. ಉಸಿರು ಎಳೆದದ್ದಕ್ಕಿಂತ ನಿಧಾನವಾಗಿ ಬಿಡಲಿ, ನೀವೂ ಜೊತೆಗೆ ಬಿಡಿ. ಕಣ್ಣಿಗೆ ಕಾಣುವ ಐದು ವಸ್ತು ಹೇಳು ಅನ್ನಿ: ತೆಂಗಿನ ಮರ, ಬಾವಿಕಟ್ಟೆ, ಬಕೆಟ್, ಬೆಕ್ಕು, ನಿಮ್ಮ ಚಪ್ಪಲಿ. ಎರಡು ಮೂರು ನಿಮಿಷ, ಅಷ್ಟೇ.

ಮರುಕಂಪನದ ಸುದ್ದಿ ಬಂದಾಗ ಇನ್ನೊಂದು ವಿಷಯ ಉಪಯೋಗಕ್ಕೆ ಬರುತ್ತದೆ. ದೊಡ್ಡ ಕಂಪನದ ನಂತರ ಸಣ್ಣವು ಬರುತ್ತಲೇ ಇರುತ್ತವೆ, ಆದರೆ ದಿನ ಕಳೆದಂತೆ ಅವುಗಳ ಎಣಿಕೆ ಇಳಿಯುತ್ತದೆ. ಜಪಾನಿನ ಒಮೋರಿ ಅನ್ನುವ ವಿಜ್ಞಾನಿ 1894ರಲ್ಲೇ ಲೆಕ್ಕ ಹಾಕಿ ತೋರಿಸಿದ್ದು ಇದನ್ನು: ಸುಮಾರಾಗಿ ಹತ್ತನೇ ದಿನಕ್ಕೆ ಮೊದಲ ದಿನದ ಹತ್ತನೇ ಒಂದು ಭಾಗ. ಎಣಿಕೆ ಇಳಿಯುತ್ತದೆಯೇ ಹೊರತು ಮಧ್ಯೆ ಒಂದು ದೊಡ್ಡದು ಬರುವುದೇ ಇಲ್ಲ ಅಂತಲ್ಲ. ನೇಪಾಳದಲ್ಲಿ ಮೇ 12ಕ್ಕೆ 7.3ರದ್ದು ಬಂತು, ಅದೂ ಅವನ ಜಿಲ್ಲೆಯ ಆಸುಪಾಸಿನಲ್ಲೇ. ಹಾಗಾಗಿ "ಇನ್ನೇನೂ ಆಗಲ್ಲ" ಅಂತ ಮಾತು ಕೊಡಬೇಡಿ. ಒಮ್ಮೆ ಸುಳ್ಳಾದರೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. "ಇಂಥ ದಿನ ಇಷ್ಟು ಗಂಟೆಗೆ ಭೂಕಂಪ, ನಾಸಾ ಹೇಳಿದೆ" ಅನ್ನುವ ವಾಟ್ಸಾಪ್ ಮೆಸೇಜು ಬಂದರೆ ಮಾತ್ರ ಧೈರ್ಯವಾಗಿ ಸುಳ್ಳು ಅನ್ನಿ. ದಿನ, ಗಂಟೆ ಹೇಳಲು ಯಾರಿಂದಲೂ ಆಗುವುದಿಲ್ಲ.

ಒಳಗೆ ಮಲಗಿಸುವುದು

ಅವನು ಬಂದ ದಿನದಿಂದ ಪಾರ್ಕಿಂಗಿನ ಅಂಚಿನಲ್ಲಿ, ಮೇಲೆ ಸ್ಲ್ಯಾಬ್ ಇಲ್ಲದ ಜಾಗದಲ್ಲಿ ಮಲಗುತ್ತಿದ್ದ. ಮಳೆ ಬಂದ ಮೇಲೆ? ಮೊದಲು ಕ್ಯಾಬಿನ್ನಿನ ಬಾಗಿಲು ಪೂರ್ತಿ ತೆರೆದು, ತಲೆ ಬಾಗಿಲ ಕಡೆ ಇಟ್ಟು ಮಲಗಿದ. ಕೈಗೆ ಸಿಗುವ ಹಾಗೆ ಟಾರ್ಚ್, ಚಪ್ಪಲಿ, ಕಾಗದಪತ್ರದ ಸಣ್ಣ ಚೀಲ. ನಾಲ್ಕೈದು ದಿನ ಬಿಟ್ಟು ಅರ್ಧ ಬಾಗಿಲು. ಆಮೇಲೆ ಚಿಲಕ ಹಾಕದೆ ಮುಚ್ಚಿದ ಬಾಗಿಲು. ಮೂರು ವಾರ ಹಿಡಿಯಿತು. ನಾವು ಆತುರ ಮಾಡಲಿಲ್ಲ ಅಂದರೆ ಸುಳ್ಳಾಗುತ್ತದೆ, ಒಬ್ಬರು "ಗಂಡಸಲ್ವಾ ನೀನು?" ಅಂದಿದ್ದರು, ಮರುದಿನ ಅವನು ಮತ್ತೆ ಹೊರಗೆ ಹೋದ.

ಇದು ಆಗ ನಮಗೆ ತೋಚಿದ ದಾರಿ. ಆದರೆ ಇದರ ಹಿಂದೆ ಗಟ್ಟಿ ಕೆಲಸ ಆಗಿದೆ ಅಂತ ಆಮೇಲೆ ಓದಿದೆ. ಟರ್ಕಿಯಲ್ಲಿ 1999ರ ಆಗಸ್ಟ್ 17ರ ನಸುಕಿನ 3 ಗಂಟೆಗೆ ದೊಡ್ಡ ಭೂಕಂಪ ಆಗಿತ್ತು. ಮೆತಿನ್ ಬಾಶೋಲು ಅನ್ನುವ ಮನೋವೈದ್ಯರು ಅಲ್ಲಿ ಬದುಕಿ ಉಳಿದವರ ಜೊತೆ ಕೆಲಸ ಮಾಡಿ ಕಂಡುಕೊಂಡದ್ದು, ಹೆದರಿಕೆ ಹೋಗಲಿ ಆಮೇಲೆ ಮನೆಯೊಳಗೆ ಹೋಗುತ್ತೇನೆ ಅಂತ ಕಾದರೆ ಅದು ಹೋಗುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ, ತಾನೇ ಒಪ್ಪಿ, ಹೆದರಿಕೆಯ ಜಾಗಕ್ಕೆ ಹೋಗಿ ನಿಂತರೆ "ನನ್ನ ಕೈಯಲ್ಲಿ ಆಗುತ್ತದೆ" ಅನಿಸಲು ಶುರುವಾಗುತ್ತದೆ. ಅವರು ಕಂಪನ ಬರಿಸುವ ಒಂದು ಕೋಣೆಯನ್ನೇ ಉಪಯೋಗಿಸುತ್ತಿದ್ದರು, ಅದರ ಸ್ವಿಚ್ ಹೆದರಿದವರ ಹಿಡಿತದಲ್ಲೇ.

ನಮ್ಮಲ್ಲಿ ಆ ಕೋಣೆಯ ಕೆಲಸ ಮಾಡಿದ್ದು ಜನರೇಟರ್. ಪ್ರತಿ ಶನಿವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಐದು ನಿಮಿಷ ಓಡಿಸಿ ನೋಡುವುದು ನಮ್ಮ ಪದ್ಧತಿ. ಅವನು ಶನಿವಾರ ಮಾತ್ರ ಯಾಕೆ ಅಷ್ಟು ಕಂಗೆಡುತ್ತಾನೆ ಅಂತ ತಿಳಿಯಲು ನಮಗೆ ಒಂದು ತಿಂಗಳು ಬೇಕಾಯಿತು. ನೇಪಾಳದ ಭೂಕಂಪ ಆದದ್ದು ಶನಿವಾರ, ಅಲ್ಲಿಯ ಗಡಿಯಾರದಲ್ಲಿ 11:56. ಅಲ್ಲಿ ಶನಿವಾರವೇ ವಾರದ ರಜೆ, ಶಾಲೆ ಇರಲಿಲ್ಲ, ಅದರಿಂದಲೇ ಎಷ್ಟೋ ಮಕ್ಕಳು ಉಳಿದವು. ನಾವು ಜನರೇಟರನ್ನು ಬುಧವಾರಕ್ಕೆ ಹಾಕಿದೆವು. ಎಲೆಕ್ಟ್ರಿಷಿಯನ್ ಇನ್ನೊಂದು ಮಾಡಿದ, ಅದು ಅವನ ಬುದ್ಧಿ, ನನ್ನದಲ್ಲ: ಸ್ವಿಚ್ ಒತ್ತುವ ಕೆಲಸವನ್ನು ವಾಚ್‌ಮನ್‌ಗೇ ಕೊಟ್ಟ. ಮೊದಲ ಬುಧವಾರ ಒತ್ತಿ ಗೇಟಿನ ಆಚೆಗೆ ಓಡಿದ. ನಾಲ್ಕನೇ ಬುಧವಾರ ಬಾಗಿಲ ಹತ್ತಿರ ನಿಂತು ಬೀಡಿ ಸೇದುತ್ತಿದ್ದ. ಡೀಸೆಲ್ ಪಕ್ಕದಲ್ಲಿ ಬೀಡಿ ಸೇದಬೇಡ ಅಂತ ಬೈಸಿಕೊಂಡ ಕೂಡ.

ಮಂಡೆಬೆಚ್ಚ ಅನ್ನಿ, ಮಂಡೆ ಸರಿಯಿಲ್ಲ ಅನ್ನಬೇಡಿ

ನಮ್ಮ ಊರಿನಲ್ಲಿ "ಮಂಡೆಬೆಚ್ಚ" ಅಂತ ಯಾರು ಬೇಕಾದರೂ ಹೇಳಿಕೊಳ್ಳುತ್ತಾರೆ, ಅದರಲ್ಲಿ ನಾಚಿಕೆ ಇಲ್ಲ. "ಮಂಡೆ ಸರಿಯಿಲ್ಲ" ಅಂದರೆ ಮಾತ್ರ ಮುಗಿಯಿತು, ಮದುವೆ ಸಂಬಂಧವೂ ತಪ್ಪುತ್ತದೆ. ನೇಪಾಳಿಯಲ್ಲೂ ಥೇಟ್ ಇದೇ ಗೆರೆ ಉಂಟು. "ಮನ್" ನೋಯುವುದು ಎಲ್ಲರಿಗೂ ಆಗುವಂಥದ್ದು, "ದಿಮಾಗ್" ಕೆಡುವುದು ಮರ್ಯಾದೆಯ ಪ್ರಶ್ನೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ "ಮನಸ್ಸಿಗೆ ಬೇಜಾರಾಗಿದೆಯಲ್ಲ, ನಿದ್ದೆ ಇಲ್ಲವಲ್ಲ, ಅದಕ್ಕೆ ಒಮ್ಮೆ ತೋರಿಸುವ" ಅಂದರೆ ಬರುತ್ತಾರೆ. "ಮೆಂಟಲ್ ಡಾಕ್ಟರ್" ಅಂದರೆ ಬೆಳಗಾಗುವುದರೊಳಗೆ ಚೀಲ ಕಟ್ಟಿರುತ್ತಾರೆ.

ಅವರಲ್ಲಿ ವಿಪರೀತ ಹೆದರಿದರೆ "ಸಾತೋ" ಹೋಯಿತು ಅನ್ನುತ್ತಾರೆ, ಅದನ್ನು ವಾಪಸು ಕರೆಯುವ ಕ್ರಮವೂ ಇದೆ. ನಮ್ಮಲ್ಲಿ ಹೆದರಿಕೆಗೆ ನೂಲು ಕಟ್ಟಿಸುವ ಹಾಗೆ. ಇದನ್ನು ತಮಾಷೆ ಮಾಡಬೇಡಿ. ಕಟ್ಟಿಸಿಕೊಳ್ಳಲಿ, ಔಷಧಿ ಬೇಕಿದ್ದರೆ ಅದೂ ಆಗಲಿ, ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಅಡ್ಡ ಬರುವುದು ಎರಡು. ಒಂದು, ಮೆಡಿಕಲ್‌ನಿಂದ ಯಾರದ್ದೋ ಹಳೆ ಚೀಟಿಯಲ್ಲಿ ತಂದ ನಿದ್ದೆ ಮಾತ್ರೆ. ಆಲ್ಪ್ರಜೋಲಾಮ್, ಡಯಾಜೆಪಾಮ್ ಜಾತಿಯವನ್ನು ಆಘಾತದ ಮೊದಲ ತಿಂಗಳಲ್ಲಿ ಇದಕ್ಕೋಸ್ಕರ ಕೊಡಬಾರದು ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು. ಅಭ್ಯಾಸ ಹಿಡಿಯುತ್ತದೆ, ಮೂಲ ತೊಂದರೆ ಅಲ್ಲೇ ಇರುತ್ತದೆ. ಎರಡು, ರಾತ್ರಿಯ ಕ್ವಾರ್ಟರ್. ಕುಡಿದರೆ ನಿದ್ದೆ ಬಂದ ಹಾಗೆ ಕಾಣುತ್ತದೆ, ನಡುರಾತ್ರಿ ಎಚ್ಚರವಾಗಿ ಇನ್ನೂ ಕೆಟ್ಟದಾಗುತ್ತದೆ. "ಪಾಪ, ದುಃಖ ಮರೆಯಲಿ" ಅಂತ ನೀವೇ ತಂದುಕೊಡಬೇಡಿ.

ಮಕ್ಕಳ ವಿಷಯ ಸ್ವಲ್ಪ. ನೇಪಾಳಿ ಮಕ್ಕಳು ಇಲ್ಲಿಯ ಸರಕಾರಿ ಶಾಲೆಗಳಲ್ಲಿ ಚಂದ ಕನ್ನಡ ಕಲಿಯುತ್ತಾರೆ. ಭೂಕಂಪ ಕಂಡು ಬಂದ ಮಗು ಹಾಸಿಗೆ ಒದ್ದೆ ಮಾಡಬಹುದು, ಅಮ್ಮನ ಸೆರಗು ಬಿಡದೇ ಇರಬಹುದು, ಬೆಂಕಿಪೊಟ್ಟಣದಿಂದ ಮನೆ ಕಟ್ಟಿ ಬೀಳಿಸಿ ಮತ್ತೆ ಕಟ್ಟಿ ಬೀಳಿಸುತ್ತಲೇ ಇರಬಹುದು. ಟೀಚರಿಗೆ ಹೇಳುವುದು ಇಷ್ಟೇ: ಬೈಯಬೇಡಿ, ಬಾಗಿಲ ಹತ್ತಿರದ ಬೆಂಚು ಕೊಡಿ, ಕ್ಲಾಸಿನ ಎದುರು ನಿಲ್ಲಿಸಿ "ಭೂಕಂಪದ ಬಗ್ಗೆ ಹೇಳು" ಅನ್ನಬೇಡಿ.

ಯಾವಾಗ ಡಾಕ್ಟರು

ಒಂದು ತಿಂಗಳು ದಾಟಿದರೂ ಕನಸು, ಬೆಚ್ಚುವುದು, ಒಳಗೆ ಹೋಗಲಾರದ ಸ್ಥಿತಿ ಇಳಿಯದೇ ಇದ್ದರೆ ಕಾಯಬೇಡಿ. ಊಟ ಬಿಟ್ಟಿದ್ದರೆ, ದಿನಾ ಕುಡಿಯುತ್ತಿದ್ದರೆ, ಸಾಯುವ ಮಾತು ಬಂದರೆ ತಿಂಗಳ ಲೆಕ್ಕವೂ ಬೇಡ, ಅವತ್ತೇ ಹೋಗಿ. ಅನುಮಾನ ಬಂದರೆ ನೇರವಾಗಿ ಕೇಳಿ, "ಸಾಯಬೇಕು ಅನಿಸುತ್ತಾ?" ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬನೇ ಬಿಡಬೇಡಿ.

ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ. ಕನ್ನಡದಲ್ಲೂ ಹಿಂದಿಯಲ್ಲೂ ಮಾತಾಡಬಹುದು. ಮಂಗಳೂರಿನಲ್ಲಿ ವೆನ್‌ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಮನೋಚೈತನ್ಯ ಅನ್ನುವ ಸರಕಾರಿ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೂ ಬರುತ್ತಾರೆ, ಹೋಗುವ ಮುಂಚೆ ಒಮ್ಮೆ ಫೋನ್ ಮಾಡಿ ಕೇಳಿಕೊಳ್ಳಿ. ಮಾತಿನ ಚಿಕಿತ್ಸೆಯೇ ಇದಕ್ಕೆ ಮೊದಲ ದಾರಿ, ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಜೊತೆಗೆ ನೀವೂ ಹೋಗಿ, ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲಿ. ಭಾಷೆ ಬಾರದ ಊರಿನ ಆಸ್ಪತ್ರೆಯಲ್ಲಿ ಒಬ್ಬನೇ ನಿಲ್ಲುವುದು ಏನು ಅಂತ ಗೊತ್ತಿದ್ದವರಿಗೇ ಗೊತ್ತು.

ಇನ್ನೊಂದು ಮರೆತೆ, ಕ್ಯಾಲೆಂಡರ್. ಆ ತಾರೀಕು ಪ್ರತಿ ವರ್ಷ ಬರುತ್ತದೆ. ಆರಾಮಾದವರೂ ಆ ವಾರ ಒಂದು ಥರ ಆಗುತ್ತಾರೆ. ನಮ್ಮ ಆಫೀಸು ಕ್ಯಾಲೆಂಡರಿನಲ್ಲಿ ಏಪ್ರಿಲ್ 25ಕ್ಕೆ ಪೆನ್ಸಿಲಿನಿಂದ ಒಂದು ಗೆರೆ ಹಾಕಿಟ್ಟೆವು, ಅವತ್ತು ಅವನಿಗೆ ರಾತ್ರಿ ಡ್ಯೂಟಿ ಇಲ್ಲ ಅಂತ. 2016ರಲ್ಲಿ ಆ ದಿನ ಅವನು ರಜೆ ಬೇಡ ಅಂದ. ಸಂಜೆ ಕೆಳಗೆ ಇಳಿದಾಗ ಪಕ್ಕದ ಬಿಲ್ಡಿಂಗಿನ ಇಬ್ಬರು ನೇಪಾಳಿಗಳೂ ಅವನ ಕ್ಯಾಬಿನ್ನಿನಲ್ಲಿದ್ದರು, ಬಾಗಿಲು ಮುಚ್ಚಿತ್ತು, ಒಳಗಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ದಾಲ್ ಭಾತ್ ಮಾಡುತ್ತಿದ್ದರು. ನನಗೂ ಒಂದು ಪ್ಲೇಟು ಕೊಟ್ಟರು, ತಿಂದು ಬಂದೆ.